ಕರ್ಟನ್ ಎಳೆದು ಹಚ್ಚುವ ದೀಪ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮನೆ, ಕೆಲಸ, ಮಗಳ ಶಾಲೆ ಎಲ್ಲ ಓದಿ ಸಂತೋಷವಾಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಈ ಸಲ ದೀಪಾವಳಿಗೆ ಬಾಗಿಲಲ್ಲಿ ದೀಪ ಇಡೋದು ಬೇಡ ಅಂತ ಮಾಡಿದ್ದೇವೆ, ಕರ್ಟನ್ ಎಳೆದು ಒಳಗೇ ಹಚ್ತೀವಿ" ಅಂತ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ. ರಾತ್ರಿ ಎದ್ದು ಲೈಟ್ ಹಾಕಿ ಮತ್ತೆ ಅದನ್ನೇ ಓದಿದೆ.

ಯಾರಾದರೂ ಏನಾದರೂ ಅಂದರಾ? ಅದನ್ನು ನೀನು ಬರೆದಿಲ್ಲ. ಅಂಗಡಿಯಲ್ಲೋ, ರಸ್ತೆಯಲ್ಲೋ, ಮಗುವಿಗೆ ಶಾಲೆಯಲ್ಲೋ? ಆಗಿದ್ದರೆ ಮುಚ್ಚಿಡಬೇಡ. ಏನೂ ಆಗದೆ ಭಯ ಹುಟ್ಟಿದ್ದರೂ ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ನಾನೂ ಪೇಪರ್ ಓದುತ್ತೇನೆ. 2025ರಲ್ಲಿ ನಿಮ್ಮ ಅಮೆರಿಕದವರು ಮೊದಲು ನಮ್ಮ ಸಾಮಾನುಗಳ ಮೇಲೆ ಶೇಕಡ 50ರಷ್ಟು ಸುಂಕ ಹಾಕಿದರು. ತಿಂಗಳೊಳಗೆ, ಇಲ್ಲಿಂದ ಅಲ್ಲಿಗೆ ಕೆಲಸಕ್ಕೆ ಹೋಗುವವರ ಹೊಸ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಅಂದರು. ಎರಡು ದೇಶ ಮುನಿಸಿಕೊಂಡರೆ ಅದರ ಬಿಸಿ ತಟ್ಟುವುದು ಪರ ಊರಲ್ಲಿ ಮನೆ ಮಾಡಿಕೊಂಡವರಿಗೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಿನ್ನ ಅಜ್ಜನ ಮನೆಯ ಹತ್ತಿರ ಪೀಸ್ ಕೋರ್‌ನಿಂದ ಬಂದ ಅಮೆರಿಕದ ಹುಡುಗನೊಬ್ಬ ಇದ್ದ. ನಿನ್ನಮ್ಮ ಆಗ ತೀರಾ ಸಣ್ಣವಳು, ಅವಳಿಗೆ ನೆನಪಿರಲಿಕ್ಕಿಲ್ಲ. ಕೆನಡಿ 1961ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಅಲ್ಲಿಯ ಹುಡುಗ ಹುಡುಗಿಯರು ನಮ್ಮ ಹಳ್ಳಿಗಳಿಗೆ ಬಂದು ಇದ್ದು ಕೆಲಸ ಮಾಡುತ್ತಿದ್ದರು. ಇವನು ಕೋಳಿ ಸಾಕಣೆ ಕಲಿಸಲು ಬಂದವನು. ಅರೆಬರೆ ಕನ್ನಡ ಕಲಿತಿದ್ದ. 1971ರ ದೀಪಾವಳಿಯಲ್ಲಿ, ಮನೆ ಮನೆಗೆ ದೀಪ ತಂದು ಹಾಡುವ ಅಂಟಿಗೆ ಪಂಟಿಗೆಯವರ ಜೊತೆ ಇವನೂ ಹೊರಟುಬಿಟ್ಟ. ಕತ್ತಲಲ್ಲಿ ಗದ್ದೆಬದುವಿನ ಮೇಲೆ ದೀಪ ಆರದಂತೆ ನಡೆದುಕೊಂಡು ಬಂದು, ನಮ್ಮ ಅಂಗಳದಲ್ಲಿ ನಿಂತು ಬಾಗಿಲು ತೆಗೆಯುವ ಪದ ಹಾಡಿದರು. ಅಪ್ಪ ಬಾಗಿಲು ತೆಗೆದರು. ದೀಪ ಅವನ ಕೈಯಲ್ಲಿತ್ತು. ಅಮ್ಮ ಅದಕ್ಕೆ ಎಣ್ಣೆ ಎರೆದು, ಅದರಿಂದಲೇ ನಮ್ಮ ದೀಪ ಹಚ್ಚಿಕೊಂಡಳು. ನಾವು ಹುಡುಗಿಯರೆಲ್ಲ ಅವನ ಹಾಡು ಕೇಳಿ ನಕ್ಕಿದ್ದೇ ನಕ್ಕಿದ್ದು. ಅವನೂ ನಕ್ಕ.

ಆಮೇಲೆ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಬಂತು. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರು ಎಂಟರ್‌ಪ್ರೈಸ್ ಅನ್ನುವ ದೊಡ್ಡ ಯುದ್ಧನೌಕೆಯನ್ನು ಬಂಗಾಳಕೊಲ್ಲಿಗೆ ಕಳಿಸಿದ್ದಾರೆ ಅಂತ ಸುದ್ದಿ ಹಬ್ಬಿತು. ಊರವರ ಮುಖ ಬದಲಾಯಿತು. ಯಾರೂ ಅವನಿಗೆ ಕೈ ಮಾಡಲಿಲ್ಲ, ಬೈಯಲೂ ಇಲ್ಲ. ಮಾತು ನಿಲ್ಲಿಸಿದರು, ಅಷ್ಟೇ. ಅವನು ಬಾಗಿಲು ಹಾಕಿಕೊಂಡು ಒಳಗೇ ಕೂತ. ಅಪ್ಪ ಹೋಗಿ ಬಾಗಿಲು ತಟ್ಟಿದರು. "ಹಡಗು ಕಳಿಸಿದ್ದು ನೀನಲ್ಲವಲ್ಲ, ಬಾ ಕಾಫಿ ಕುಡಿ" ಅಂತ ಕರೆದುಕೊಂಡು ಬಂದರು. ಅವನು ಜಗುಲಿಯಲ್ಲಿ ಕೂತು ಕುಡಿದು ಹೋದ. ಅಷ್ಟು ಹೊತ್ತೂ ನಾನು ಒಳಗೇ ಇದ್ದೆ. ಹೊರಗೆ ಬಂದು ಒಂದು ಮಾತು ಆಡಿಸಬಹುದಿತ್ತು ಅನ್ನುವುದು ಈಗಲೂ ಮನಸ್ಸಿನಲ್ಲಿ ಉಳಿದಿದೆ. ಮಾರನೇ ವರ್ಷ ಅವನು ಹೊರಟುಹೋದ. ಅಪ್ಪನಿಗೆ ಕಾಗದ ಬರೆಯುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಉತ್ತರ ಬರೆಯುವವರು ಇಲ್ಲದೆ ಅದೂ ನಿಂತಿತು.

ಬಾಗಿಲು ಹಾಕಿಕೊಂಡು ಒಳಗೆ ಕೂತವನಿಗೆ ಹೇಗಾಗಿರಬಹುದು ಅಂತ ನಾನು ಯೋಚನೆ ಮಾಡಿದ್ದು ನಿನ್ನ ಪತ್ರ ಓದಿದ ಮೇಲೆ. ಈಗ ನನ್ನ ತಂಗಿಯ ಮಗಳೇ ಆ ಜಾಗದಲ್ಲಿ ಕೂತಿದ್ದಾಳಲ್ಲ ಅನ್ನಿಸಿತು.

ನಿಮ್ಮೂರ ಲೈಬ್ರರಿಯಲ್ಲಿ ಎರಡೂ ದೇಶದ ಬಾವುಟ ಇಟ್ಟು ದೀಪಾವಳಿ ಮಾಡುತ್ತಾರೆ, ಮಗಳು ಅಲ್ಲಿ ಕುಣಿಯುತ್ತಾಳೆ ಅಂತಲೂ ಬರೆದಿದ್ದೀಯ. ಒಳ್ಳೆಯದಾಯಿತು. ಶ್ವೇತಭವನದಲ್ಲಿ 2003ರಲ್ಲೇ ಹಬ್ಬ ಶುರುವಾಯಿತು, 2009ರಲ್ಲಿ ಒಬಾಮ ತಾವೇ ದೀಪ ಹಚ್ಚಿದರು. ನಿಮ್ಮ ಪಕ್ಕದ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ 2023ರಲ್ಲಿ ಕಾನೂನೇ ಮಾಡಿ ರಜೆ ಕೊಟ್ಟರು. 2016ರಲ್ಲಿ ಅಲ್ಲಿಯ ಅಂಚೆಯವರು ಹಣತೆಯ ಚಿತ್ರದ ಸ್ಟ್ಯಾಂಪ್ ತಂದಾಗ ನೀನು ಅದನ್ನು ಅಂಟಿಸಿ ಕಾಗದ ಹಾಕಿದ್ದೆ. ಆ ಲಕೋಟೆ ನನ್ನ ಪೆಟ್ಟಿಗೆಯಲ್ಲಿದೆ. ಇದೆಲ್ಲ ದೊಡ್ಡ ಗೌರವವೇ. ಆದರೂ ಬಾವುಟ ಇಟ್ಟಲ್ಲಿ ಧೈರ್ಯ ಇರುವ ನಿನಗೆ ಸ್ವಂತ ಹೊಸ್ತಿಲಲ್ಲಿ ಧೈರ್ಯ ಇಲ್ಲದೆ ಹೋಯಿತಲ್ಲ, ನನಗೆ ಸಂಕಟ ಆಗುವುದು ಅಲ್ಲೇ. ಮಗು ಕೇಳುತ್ತಾಳೆ, ಯಾಕಮ್ಮ ಈ ಸಲ ಹೊರಗೆ ಇಡಲಿಲ್ಲ ಅಂತ. ಏನು ಹೇಳುತ್ತೀಯ?

ಅಲ್ಲಿಯ ಬದುಕು ಗೊತ್ತಿಲ್ಲದ ನಾನು ಇಲ್ಲಿ ಕೂತು ಹೀಗೆ ಮಾಡು ಅನ್ನುವುದು ಸರಿಯೋ ಅಲ್ಲವೋ. ಆದರೂ ತೋಚಿದ್ದನ್ನು ಬರೆಯುತ್ತೇನೆ. ಹಬ್ಬದ ಮುಂಚಿನ ದಿನ ಪಕ್ಕದ ಮನೆಯವರಿಗೆ ಹೇಳಿಬಿಡು, ನಾಳೆ ನಮ್ಮ ಹಬ್ಬ, ಬಾಗಿಲಲ್ಲಿ ದೀಪ ಇಡುತ್ತೇವೆ ಅಂತ. ಒಂದು ತಟ್ಟೆ ಚಕ್ಕುಲಿ ಕೊಡು. ಅಲ್ಲಿ ಮಕ್ಕಳಿಗೆ ಗೋಡಂಬಿ, ಶೇಂಗಾ ಆಗುವುದಿಲ್ಲ ಅಂತ ನೀನೇ ಹೇಳಿದ್ದೆ, ಕೇಳಿಕೊಂಡು ಕೊಡು. ಸಾಲು ದೀಪ ಬೇಡ ಅನ್ನಿಸಿದರೆ ಒಂದೇ ಇಡು. ಬ್ಯಾಟರಿಯದ್ದಾದರೂ ನನಗೇನೂ ಬೇಜಾರಿಲ್ಲ.

ಇನ್ನೊಂದು, ಒಳಗೆ ಹಚ್ಚುವುದೇ ಆದರೆ ಕರ್ಟನ್ ಹತ್ತಿರ ಮಾತ್ರ ಬೇಡ ಮಾರಾಯ್ತಿ. ನಿಮ್ಮದು ಮರದ ಮನೆ. ಈ ಯೋಚನೆಯೂ ನನಗೆ ನಿದ್ದೆ ಕೆಡಿಸಿದೆ.

ನಿಜವಾಗಿ ಅಪಾಯ ಇದೆ ಅಂತ ನಿನಗೂ ನಿನ್ನ ಗಂಡನಿಗೂ ಅನ್ನಿಸಿದರೆ ನನ್ನ ಮಾತು ಬಿಟ್ಟುಬಿಡು. ದೇವರು ಏನೂ ಅಂದುಕೊಳ್ಳುವುದಿಲ್ಲ, ನಾನೂ ಅಷ್ಟೇ. ಆದರೆ ಯಾರೋ ಅಂದಾರು ಅನ್ನುವ ಅಂದಾಜಿನ ಮೇಲೆ ಬಾಗಿಲು ಹಾಕಬೇಡ. ಪಕ್ಕದ ಮನೆಯಲ್ಲಿ ನಿನ್ನ ಅಜ್ಜನಂಥವರು ಇರಬಹುದು. ಅವರಿಗೆ ನೀನು ಒಳಗೆ ಹೆದರಿ ಕೂತಿರುವುದು ಗೊತ್ತಾಗಬೇಕಲ್ಲ?

ಪತ್ರ ಬರೆಯುವಷ್ಟು ಕಾಯಬೇಡ, ಈ ಭಾನುವಾರವೇ ಫೋನ್ ಮಾಡು. ಯಾರು ಏನು ಅಂದರು ಅನ್ನುವುದನ್ನು ಮೊದಲು ಹೇಳು.

ನಿನ್ನ
ದೊಡ್ಡಮ್ಮ