ಸೋಮಣ್ಣನವರೇ, ಗುಂಡ್ಯದಲ್ಲಿ ನಿಂತ ಲಾರಿಗಳ ಕಡೆ ಒಮ್ಮೆ ನೋಡಿ

ರೈಲ್ವೆ ಖಾತೆ ರಾಜ್ಯ ಸಚಿವರಾದ ಮಾನ್ಯ ವಿ. ಸೋಮಣ್ಣನವರಿಗೆ ಕರಾವಳಿಯಿಂದ ನಮಸ್ಕಾರ.

ನಮ್ಮ ಕಡೆಯವರು ನಿಮಗೆ ಕಾಗದ ಬರೆದರೆ ಸಾಮಾನ್ಯವಾಗಿ ಹೊಸ ರೈಲು ಕೇಳುತ್ತಾರೆ, ಇಲ್ಲಾಂದ್ರೆ ಇರುವ ರೈಲಿಗೆ ಇನ್ನೊಂದು ನಿಲುಗಡೆ ಕೇಳುತ್ತಾರೆ. ನಾನು ಎರಡನ್ನೂ ಕೇಳುತ್ತಿಲ್ಲ. ಮಂಗಳೂರಿಗೆ ಬಂದರು ಇದೆ, ರೈಲು ಇದೆ, ಹೆದ್ದಾರಿ ಇದೆ, ಊರು ತುಂಬ ಸಿಟಿ ಬಸ್ ಇದೆ. ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ. ನಾನು ಬರೆಯುತ್ತಿರುವುದು ಅದರ ಬಗ್ಗೆ.

ಮಳೆಗಾಲದಲ್ಲಿ ಮಂಗಳೂರು-ಬೆಂಗಳೂರು ಹೆದ್ದಾರಿಯ ಶಿರಾಡಿ ಘಾಟಿ ಬಂದ್ ಆದ ದಿನ ಅದರ ಬುಡದ ಗುಂಡ್ಯ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೇಲೆ ದೊಡ್ಡತಪ್ಪಲಿನ ಹತ್ತಿರ ಮಣ್ಣು ಜಾರಿರುತ್ತದೆ, ಇಲ್ಲಿ ಪೊಲೀಸರು ಗಾಡಿ ತಡೆದಿರುತ್ತಾರೆ. ರಸ್ತೆ ಪಕ್ಕ ಉದ್ದಕ್ಕೂ ಲಾರಿಗಳು. ಲಾರಿಯ ಪಕ್ಕಕ್ಕೆ ಟಾರ್ಪಾಲಿನ ಒಂದು ತುದಿ ಕಟ್ಟಿ, ಅದರಡಿ ಸ್ಟವ್ ಹಚ್ಚಿ ಅನ್ನಕ್ಕಿಟ್ಟಿರುತ್ತಾರೆ. ಮಾಲೀಕ ಗಂಟೆಗೊಮ್ಮೆ ಫೋನ್ ಮಾಡಿ ಎಲ್ಲಿದ್ದೀಯ ಅಂತ ಕೇಳುತ್ತಾನೆ, ಡ್ರೈವರ್ ಪಕ್ಕದ ಲಾರಿಯವನನ್ನು ಕೇಳುತ್ತಾನೆ, ಅವನು ಯಾರೋ ವಾಟ್ಸ್ಆ್ಯಪ್‌ನಲ್ಲಿ ಹಾಕಿದ್ದನ್ನು ತೋರಿಸುತ್ತಾನೆ. ಆ ಸಂದೇಶ ನಿನ್ನೆಯದೋ ಹೋದ ವರ್ಷದ್ದೋ ಯಾರಿಗೂ ಗೊತ್ತಿಲ್ಲ. ಬದಲಿ ದಾರಿಯಾದ ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿಷೇಧ. ಸಂಪಾಜೆ ಕಡೆ ಹೋಗೋಣ ಅಂದರೆ ಡೀಸೆಲ್ ಖರ್ಚು, ಅಲ್ಲೂ ಗುಡ್ಡ ಕುಸಿಯುವ ಭಯ.

ನನಗೆ ಬೇಜಾರಾಗುವುದು ಇಲ್ಲೇ. ಆ ಲಾರಿ ಯಾವಾಗ ಹೊರಟಿತು ಅಂತ ಬಂದರಿನ ಗೇಟಿಗೆ ಗೊತ್ತು. ಅದರಲ್ಲಿ ಏನಿದೆ, ಎಲ್ಲಿಗೆ ಹೋಗಬೇಕು ಅಂತ ಇ-ವೇ ಬಿಲ್ ಹೇಳುತ್ತದೆ. ಬ್ರಹ್ಮರಕೂಟ್ಲು ಟೋಲ್ ದಾಟಿದ ಹೊತ್ತು ಫಾಸ್ಟ್ಯಾಗ್‌ನಲ್ಲಿ ದಾಖಲಾಗಿದೆ. ಇಂಥ ಮಾಹಿತಿಯನ್ನೆಲ್ಲ ಒಂದೇ ಕಡೆ ಜೋಡಿಸಲಿಕ್ಕೆ ಅಂತಲೇ 2022ರಲ್ಲಿ ನಿಮ್ಮ ಸರ್ಕಾರ ಯುಲಿಪ್ ಅನ್ನುವ ವೇದಿಕೆ ತಂದಿತು. ಅದು ಒಳ್ಳೆಯ ಕೆಲಸ, ಮನಸಾರೆ ಹೇಳುತ್ತಿದ್ದೇನೆ. ಆದರೆ ಅದರ ಉಪಯೋಗ ದೊಡ್ಡ ಕಂಪನಿಗಳ ಕಂಪ್ಯೂಟರ್‌ಗೆ ಮಾತ್ರ ಸಿಕ್ಕರೆ ಸಾಕಾ? ಬ್ರಹ್ಮರಕೂಟ್ಲು ದಾಟುವಾಗಲೇ ಡ್ರೈವರ್ ಮೊಬೈಲಿಗೆ "ಘಾಟಿ ಬಂದ್, ಬಿ.ಸಿ. ರೋಡಿನಲ್ಲೇ ನಿಲ್ಲಿ" ಅಂತ ಒಂದು ಸಾಲು ಬಂದರೆ, ಆ ಕಾಡಿನ ಅಂಚಿನಲ್ಲಿ ಅವನು ರಾತ್ರಿ ಕಳೆಯಬೇಕಿಲ್ಲ ಅಲ್ವಾ?

ಅದೇ ಬೆಟ್ಟದಲ್ಲಿ ನಿಮ್ಮ ರೈಲೂ ಓಡುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., 57 ಸುರಂಗ, 50 ಅಡಿಗೆ ಒಂದಡಿ ಏರು, ಒಂದೇ ಹಳಿ. ರೈಲಿಗೂ ಕಷ್ಟ ಇದೆ ಅಂತ ಗೊತ್ತು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಹೋಯಿತು, ಮಳೆಯಲ್ಲೇ ನಿಂತು ಅದನ್ನು ಸರಿಮಾಡಿದ ನಿಮ್ಮ ಸಿಬ್ಬಂದಿಗೆ ಕೈಮುಗಿಯಬೇಕು. ರಸ್ತೆಯೂ ಹಳಿಯೂ ಒಂದೇ ಮಳೆಗೆ ಒದ್ದೆಯಾಗುತ್ತವೆ. ಹಾಗಿದ್ದ ಮೇಲೆ ಎಚ್ಚರಿಕೆ ಮಾತ್ರ ಬೇರೆ ಬೇರೆ ಯಾಕೆ? ಕೊಂಕಣ ರೈಲ್ವೆ ತನ್ನ ಮಾರ್ಗದಲ್ಲಿ ಮಳೆಮಾಪಕ ಇಟ್ಟಿದೆ, ಗುಡ್ಡ ಕಡಿದ ಜಾಗಗಳಲ್ಲಿ ಮಣ್ಣಿನ ಚಲನೆ ಅಳೆಯುವ ಉಪಕರಣ ಹಾಕಿದೆ, ಮಳೆ ಜಾಸ್ತಿಯಾದರೆ ರೈಲಿನ ವೇಗ ಇಳಿಸುತ್ತದೆ. ಈ ಘಾಟಿಯಲ್ಲೂ ಅಂಥ ವ್ಯವಸ್ಥೆ ಪೂರ್ತಿಯಾಗಿ ಬರಲಿ. ಅದರಲ್ಲಿ ಸಿಗುವ ಲೆಕ್ಕ ಆ ಕ್ಷಣವೇ ಹೆದ್ದಾರಿ ಪ್ರಾಧಿಕಾರಕ್ಕೆ, ಹಾಸನ ಮತ್ತು ದಕ್ಷಿಣ ಕನ್ನಡ ಜಿಲ್ಲಾಡಳಿತಕ್ಕೆ ಹೋಗಲಿ.

ಇನ್ನು ಸರಕಿನ ಮಾತು. ಕಲ್ಲಿದ್ದಲು, ಅದಿರಿನಂಥ ಭಾರ ರೈಲಿನಲ್ಲೇ ಹೋಗುತ್ತದೆ, ಸಂತೋಷ. ರಸ್ತೆಗೆ ಬೀಳುವುದು ಚಿಲ್ಲರೆ ಸರಕು. ಹಾಸನ, ಚಿಕ್ಕಮಗಳೂರಿನ ಕಾಫಿ ಬಂದರಿಗೆ ಲಾರಿಯಲ್ಲೇ ಇಳಿಯುತ್ತದೆ. ನಾಲ್ಕೈದು ಕಂಟೇನರ್ ಸರಕು ಇರುವ ವ್ಯಾಪಾರಿ ಇಡೀ ರೈಲು ತುಂಬಿಸಲಾರ, ಯಾವಾಗ ಹೊರಡುತ್ತದೆ ಅಂತ ಗೊತ್ತಿಲ್ಲದ ರೈಲಿಗೆ ಕಾಯಲೂ ಆರ. ಅವನಿಗೆ ಬೇಕಾದದ್ದು ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಹಾಸನದಿಂದ ಬಂದರು ಇರುವ ಪಣಂಬೂರಿಗೆ ಹೊರಡುವ ಒಂದು ಕಂಟೇನರ್ ರೈಲು. ಒಂದೇ ಕಂಟೇನರ್ ಇದ್ದರೂ ಮೊಬೈಲಿನಲ್ಲಿ ಬುಕ್ ಆಗಬೇಕು, ಎರಡೂ ತುದಿಯ ಲಾರಿ ಬಾಡಿಗೆ ಅದೇ ಬಿಲ್ಲಿನಲ್ಲಿ ಬರಬೇಕು. ಮೊದಲ ಕೆಲವು ತಿಂಗಳು ಅರ್ಧ ಖಾಲಿ ಓಡಬಹುದು, ಅಷ್ಟಕ್ಕೇ ನಿಲ್ಲಿಸಬೇಡಿ. ಸಮಯಕ್ಕೆ ಬರುತ್ತದೆ ಅಂತ ನಂಬಿಕೆ ಬಂದ ಮೇಲೆ ತಾನೇ ವ್ಯಾಪಾರಿ ಬರುವುದು.

ಲಾರಿಯನ್ನೇ ರೈಲಿಗೆ ಹತ್ತಿಸುವುದೂ ನಮಗೆ ಹೊಸತಲ್ಲ. ಕೊಂಕಣ ರೈಲ್ವೆ 1999ರಲ್ಲೇ ರೋ-ರೋ ಶುರು ಮಾಡಿತು. ಸುರತ್ಕಲ್‌ನಲ್ಲಿ ಸರಕು ಸಮೇತ ಲಾರಿ ಹತ್ತಿ, ಸುಮಾರು 700 ಕಿ.ಮೀ. ದೂರದ ಮಹಾರಾಷ್ಟ್ರದ ಕೋಲಾಡಿನಲ್ಲಿ ಇಳಿಯುತ್ತದೆ. ಡ್ರೈವರ್ ತನ್ನ ಕ್ಯಾಬಿನ್ನಿನಲ್ಲೇ ಮಲಗಿ ಹೋಗುತ್ತಾನೆ. ಡೀಸೆಲ್ ಉಳಿಯಿತು, ಟೈರ್ ಉಳಿಯಿತು, ಹೊಗೆ ಕಡಿಮೆಯಾಯಿತು, ಮನುಷ್ಯನಿಗೆ ನಿದ್ದೆಯೂ ಸಿಕ್ಕಿತು. ಶಿರಾಡಿಯ ಪಕ್ಕದ ಹಳಿಯಲ್ಲಿ ಇದು ಆಗುತ್ತದಾ? ಸುರಂಗದ ಎತ್ತರ, ವಿದ್ಯುತ್ ತಂತಿ, ಏರು ಎಲ್ಲ ಲೆಕ್ಕ ಹಾಕಿಸಿ. ಆಗಲ್ಲ ಅಂತಾದರೆ ಯಾಕೆ ಆಗಲ್ಲ ಅಂತ ಅಳತೆ ಸಮೇತ ಜನರ ಮುಂದಿಡಿ, ನಾವು ಒಪ್ಪಿಕೊಳ್ಳುತ್ತೇವೆ. ಸುಮ್ನೆ "ಪರಿಶೀಲನೆಯಲ್ಲಿದೆ" ಅನ್ನುವ ಉತ್ತರ ಮಾತ್ರ ಬೇಡ.

ಪ್ರಯಾಣಿಕರ ಕಥೆಯೂ ಬೇರೆಯಲ್ಲ. ಮಂಗಳೂರು ಒಂದೇ ಊರಾದರೂ ರೈಲಿನ ಆಡಳಿತ ಮೂರು ಕಡೆ ಹಂಚಿಹೋಗಿದೆ: ದಕ್ಷಿಣ ರೈಲ್ವೆ, ನೈಋತ್ಯ ರೈಲ್ವೆ, ಕೊಂಕಣ ರೈಲ್ವೆ. ಜಂಕ್ಷನ್ ನಿಲ್ದಾಣ ಇರುವುದು ಪಡೀಲ್ ಕಡೆ, ಸಿಟಿ ಬಸ್ಸುಗಳ ಸ್ಟೇಟ್‌ಬ್ಯಾಂಕ್ ನಿಲ್ದಾಣ ಒಂದು ಕಡೆ, ಕೆಎಸ್ಆರ್‌ಟಿಸಿ ನಿಲ್ದಾಣ ಬಿಜೈಯಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಇಳಿದ ಅಜ್ಜಿ, ಮಕ್ಕಳು, ಮೂಟೆಗಳೆಲ್ಲ ಆಟೋದವರು ಹೇಳಿದ ರೇಟಿಗೆ ಹತ್ತಬೇಕು. ರೈಲು ಎಷ್ಟು ತಡ ಅಂತ ನಿಮ್ಮ ಆ್ಯಪ್‌ಗೆ ನಿಮಿಷ ನಿಮಿಷಕ್ಕೂ ಗೊತ್ತು, ಬಸ್ಸಿನವರಿಗೆ ಗೊತ್ತಿಲ್ಲ. ಆ ಮಾಹಿತಿಯನ್ನು ಬಸ್ ಮಾಲೀಕರಿಗೂ ಕೆಎಸ್ಆರ್‌ಟಿಸಿಗೂ ಕೊಡಿ. ರೈಲು ಬರುವವರೆಗೆ ಕಾದು ನಿಲ್ಲುವ ಬಸ್ ಇರಲಿ, ರೈಲಿನ ಟಿಕೆಟ್ ಜೊತೆಗೇ ಅದರ ಟಿಕೆಟ್ ಸಿಗಲಿ. ಬೆಂಗಳೂರಿನ ತುದಿಯಲ್ಲೂ ಇದೇ ಗೋಳು. ಮುರ್ಡೇಶ್ವರದ ರೈಲು ಹೊರಡುವ ಬೈಯಪ್ಪನಹಳ್ಳಿ ಟರ್ಮಿನಲ್ 2022ರಲ್ಲಿ ಹವಾನಿಯಂತ್ರಣ ಸಮೇತ ಚೆಂದವಾಗಿ ಶುರುವಾಯಿತು, ಆದರೆ ಅದೇ ಹೆಸರಿನ ಮೆಟ್ರೊ ನಿಲ್ದಾಣದಿಂದ ಲಗೇಜ್ ಹಿಡಿದು ನಡೆದು ಹೋಗುವಷ್ಟು ಹತ್ತಿರದಲ್ಲಿ ಅದು ಇಲ್ಲ.

ದೇಶದ ಸರಕು ಸಾಗಣೆಯಲ್ಲಿ ರೈಲಿನ ಪಾಲನ್ನು 27ರಿಂದ 45 ಶೇಕಡಕ್ಕೆ ಏರಿಸಬೇಕು, ಅದೂ 2030ರೊಳಗೆ ಅಂತ ರಾಷ್ಟ್ರೀಯ ರೈಲು ಯೋಜನೆ ಹೇಳುತ್ತದೆ. 2030 ಬಂದೇಬಿಟ್ಟಿತು. ಪಶ್ಚಿಮ ಘಟ್ಟವನ್ನು ಇನ್ನಷ್ಟು ನೆಟ್ಟಗೆ ಕಡಿದು ರಸ್ತೆ ಅಗಲ ಮಾಡುತ್ತಾ ಹೋದರೆ ಕುಸಿಯುವುದು ಮುಂದೆಯೂ ನಿಲ್ಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನ ಮಳೆಗಾಲಕ್ಕೆ ಮುಂಚೆ ಮಂಗಳೂರಿನಲ್ಲಿ ಒಂದು ಸಭೆ ಕರೆಯಿರಿ. ಮೂರೂ ರೈಲ್ವೆಯವರು, ಬಂದರಿನವರು, ಹೆದ್ದಾರಿ ಪ್ರಾಧಿಕಾರ, ರಾಜ್ಯದ ಸಾರಿಗೆ ಇಲಾಖೆ, ಕಾಫಿ ವ್ಯಾಪಾರಿಗಳು, ಬಸ್ ಮಾಲೀಕರು ಒಂದೇ ಮೇಜಿನ ಸುತ್ತ ಕೂರಲಿ. ಲಾರಿ ಡ್ರೈವರ್‌ಗಳನ್ನೂ ಕರೆಯಿರಿ, ಕೊನೆಗೆ ಅಲ್ಲ, ಮೊದಲು ಮಾತಾಡಲಿಕ್ಕೆ. ಘಾಟಿ ಬಂದ್ ಆದರೆ ಸಂದೇಶ ಎಷ್ಟು ಹೊತ್ತಿನೊಳಗೆ ಬರಬೇಕು, ಕನ್ನಡದ ಜೊತೆ ಇನ್ಯಾವ ಭಾಷೆಯಲ್ಲಿ ಇರಬೇಕು, ಎಲ್ಲಿ ನಿಲ್ಲಲು ಜಾಗ, ನೀರು, ಶೌಚಾಲಯ ಬೇಕು ಅಂತ ಅವರೇ ಹೇಳುತ್ತಾರೆ.

ಇಂತಿ,
ಘಾಟಿಯ ಕೆಳಗಿನ ಒಬ್ಬ ಪ್ರಯಾಣಿಕ