ಭಾನುವಾರದ ಕಥಾಕೂಟಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ್ರೀ.

ಈ ಭಾನುವಾರ ಬೆಳಿಗ್ಗೆ 7ಕ್ಕೆ ಕಲಬುರಗಿ ಪಬ್ಲಿಕ್ ಗಾರ್ಡನ್‌ನಲ್ಲಿ ಸೇರೋಣ. ಬಿಸಿಲೇರುವ ಮೊದಲೇ ಮುಗಿಸಬೇಕು.

ಹೋದ ಸಲದ ಕಥೆಗಳಲ್ಲಿ ಘಟನೆ ಜಾಸ್ತಿ, ಮನುಷ್ಯರು ಕಮ್ಮಿ. ಅದಕ್ಕೇ ಈ ಸಲ ಒಂದೇ ಸಂಗತಿಯನ್ನು ಎರಡು ಥರ ಬರೆದು ತನ್ನಿ: ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ತೊಗರಿ ಮಾರಿದ ದುಡ್ಡು ಮನೆ ಸೇರುವಷ್ಟರಲ್ಲಿ ಕಳೆದಿದೆ.

ಮೊದಲನೆಯದರಲ್ಲಿ ಯಾರು ಕದ್ದರು, ಮುಂದೇನಾಯ್ತು ಅನ್ನೋದೇ ಕಥೆಯನ್ನು ಎಳೆಯಲಿ. ಎರಡನೆಯದರಲ್ಲಿ ಕಳ್ಳ ಸಿಗದಿದ್ದರೂ ನಡೆಯುತ್ತೆ. ಹೆಂಡತಿಗೆ ಹೇಳಲಾರದೆ, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತವನ ಸ್ವಭಾವ ಕಾಣಬೇಕು. ಸುಳ್ಳು ಹೇಳಿದನೋ, ಮುಂದಿನದೆಲ್ಲ ಆ ಸುಳ್ಳಿನಿಂದಲೇ ಹುಟ್ಟಲಿ. ಇದು ಕಷ್ಟ, ಹಾಗಾಗಿ ಇದನ್ನೇ ಮೊದಲು ಬರೆಯಿರಿ. ಒಂದೊಂದು ಪುಟ ಸಾಕು.

ಬರುವವರು ಶುಕ್ರವಾರ ರಾತ್ರಿಯೊಳಗೆ ಈ ಗ್ರೂಪ್‌ನಲ್ಲೇ ತಿಳಿಸಿ. ಅಲ್ಲಿವರೆಗೆ ಗುಡ್ ಮಾರ್ನಿಂಗ್ ಚಿತ್ರ ಬೇಡ್ರೀ, ಅವುಗಳ ನಡುವೆ ನಿಮ್ಮ ಉತ್ತರಗಳು ಸಿಗೋದಿಲ್ಲ.