ಬಿಳಿ ಅಳಿಯ ಬಂದ್ರೆ ಆರತಿ, ಕಪ್ಪು ಅಳಿಯ ಬಂದ್ರೆ ಗುಸುಗುಸು

ಮಾನ್ಯ ಸಂಪಾದಕರೇ,

ಪೇಪರ್‌ನಲ್ಲಿ ಆಗಾಗ ಒಂದು ಫೋಟೋ ಬರುತ್ತೆ, ವಿದೇಶಿ ಹುಡುಗಿ ರೇಷ್ಮೆ ಸೀರೆ ಉಟ್ಕೊಂಡು ಮಲ್ಲಿಗೆ ಮುಡ್ಕೊಂಡು ನಮ್ಮ ಕಡೆ ಹುಡುಗನ ಪಕ್ಕ ನಿಂತಿರ್ತಾಳೆ. ನೋಡಿದ್ರೆ ನಂಗೂ ಖುಷಿನೇ. ಆದ್ರೆ ಇಷ್ಟು ವರ್ಷದಲ್ಲಿ ಆ ಜಾಗದಲ್ಲಿ ಕಪ್ಪು ಬಣ್ಣದ ಹುಡುಗನೋ ಹುಡುಗಿನೋ ನಿಂತಿದ್ದನ್ನ ನಾನಂತೂ ನೋಡಿಲ್ಲ, ಅದಕ್ಕೇ ಈ ಪತ್ರ.

ನಮ್ಮಕ್ಕನ ಮಗಳು ಜರ್ಮನಿ ಹುಡುಗನ್ನ ಮದ್ವೆ ಆದಾಗ ಮೈಸೂರಲ್ಲಿ ಛತ್ರ ತುಂಬಿ ಹೋಗಿತ್ತು. ಅವನಿಗೆ ಪಂಚೆ ಉಡಿಸಿ, ಪೇಟ ಇಟ್ಟು, ಕೈಗೆ ಛತ್ರಿ ಕೊಟ್ಟು ಕಾಶಿಯಾತ್ರೆ ಮಾಡ್ಸಿದ್ರು, ಸೆಲ್ಫಿ ತಗೊಳಕ್ಕೆ ಜನ ಕ್ಯೂ ನಿಂತಿದ್ರು. ಎರಡು ವರ್ಷ ಆದ್ಮೇಲೆ ನನ್ನ ಮಗಳು ಅಮೆರಿಕದ ಅಟ್ಲಾಂಟಾದಲ್ಲಿ ತನ್ನ ಜೊತೆ ಕೆಲಸ ಮಾಡೋ ಕಪ್ಪು ಹುಡುಗನ್ನ ಮದ್ವೆ ಆದ್ಲು. ಓದಿದಾನೆ, ಕುಡಿಯಲ್ಲ, ನನ್ನನ್ನ ಅಮ್ಮ ಅಂತಾನೇ ಕರೀತಾನೆ. ಅದೇ ನೆಂಟರು, ಅದೇ ಬಾಯಿ, 'ಬೇರೆ ಯಾರೂ ಸಿಗ್ಲಿಲ್ವೇನೇ ಅವಳಿಗೆ, ನಾಳೆ ಹುಟ್ಟೋ ಮಕ್ಕಳ ಬಣ್ಣ ಹೇಗಿರುತ್ತೋ ಏನೋ' ಅಂದ್ರು. ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ಗೆ ಮದ್ವೆ ಫೋಟೋ ಹಾಕಿದ್ರೆ ಒಬ್ರೂ ಒಂದು ಮಾತು ಬರೀಲಿಲ್ಲ. 2020ರಲ್ಲಿ ಕಮಲಾ ಹ್ಯಾರಿಸ್ ಅಮೆರಿಕದ ಉಪಾಧ್ಯಕ್ಷೆಯಾಗಿ ಗೆದ್ದಾಗ ಇದೇ ಗ್ರೂಪಲ್ಲಿ 'ನಮ್ಮವಳು ನಮ್ಮವಳು' ಅಂತ ದಿನವಿಡೀ ಮೆಸೇಜು. ಅವರ ತಾಯಿ ಶ್ಯಾಮಲಾ ಅವರೂ 1963ರಲ್ಲಿ ಜಮೈಕಾದಿಂದ ಬಂದ ಕಪ್ಪು ಹುಡುಗನ್ನೇ ಅಲ್ವಾ ಮದ್ವೆ ಆಗಿದ್ದು?

ಬೇರೆಯವರನ್ನ ಅಂದು ನಾನು ತಪ್ಪಿಸ್ಕೊಳಲ್ಲ. ಕಟ್ಟು ಹಾಕ್ಸಿದ್ದ ಅವರ ಮದ್ವೆ ಫೋಟೋನ ನಾನೇ ಎಂಟು ತಿಂಗಳು ಬೀರುನಲ್ಲಿ ಸೀರೆ ಕೆಳಗೆ ಇಟ್ಟಿದ್ದೆ. ದಸರಾ ಗೊಂಬೆ ನೋಡಕ್ಕೆ ಬಂದವರು ಮಗಳ ಬಗ್ಗೆ ಕೇಳಿದ್ರೆ 'ಚೆನ್ನಾಗಿದಾಳೆ' ಅಂತ ಹೇಳಿ ಕೋಸಂಬರಿ ತರೋ ನೆಪದಲ್ಲಿ ಒಳಗೆ ಹೋಗಿಬಿಡ್ತಿದ್ದೆ. ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಮಗಳಿಗೆ ಗೊತ್ತಾಗಿ ಫೋನಲ್ಲಿ ಅತ್ತಳು, ಆಮೇಲೆ ಸಮಾಧಾನವಾಗಿ ಒಂದೊಂದೇ ಹೇಳಿದ್ಲು. ನಮ್ಮ ಬೀಗರು ಹುಟ್ಟಿ ಬೆಳೆದಿದ್ದು ಜಾರ್ಜಿಯಾ ರಾಜ್ಯದಲ್ಲಿ, ಅವರು ಹೈಸ್ಕೂಲ್ ಓದೋವರೆಗೂ ಅಲ್ಲಿ ಬಿಳಿಯರು ಬೇರೆ ಬಣ್ಣದವರನ್ನ ಮದ್ವೆ ಆಗೋದು ಅಪರಾಧವಂತೆ. ವರ್ಜೀನಿಯಾ ರಾಜ್ಯದಲ್ಲಿ ರಿಚರ್ಡ್ ಲವಿಂಗ್, ಮಿಲ್ಡ್ರೆಡ್ ಅಂತ ಗಂಡ ಹೆಂಡ್ತಿ, ಅವನು ಬಿಳಿ, ಅವಳು ಕಪ್ಪು, 1958ರಲ್ಲಿ ಮದ್ವೆ ಆಗಿ ಕೆಲವೇ ವಾರಕ್ಕೆ ಪೊಲೀಸರು ರಾತ್ರಿ ಮಲಗೋ ಕೋಣೆಗೇ ನುಗ್ಗಿ ಹಿಡ್ಕೊಂಡು ಹೋದ್ರು, ಒಂದು ವರ್ಷ ಜೈಲು, ಬೇಡ ಅಂದ್ರೆ 25 ವರ್ಷ ಇಬ್ಬರೂ ಒಟ್ಟಿಗೆ ಆ ರಾಜ್ಯಕ್ಕೆ ಕಾಲಿಡಬಾರದು ಅಂತ ತೀರ್ಪು. ಅವರು ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಗೆದ್ದಿದ್ದು 1967ರಲ್ಲಿ, ಆಗ ಇನ್ನೂ 16 ರಾಜ್ಯಗಳಲ್ಲಿ ಈ ಕಾನೂನು ಇತ್ತು. ಇನ್ನೊಂದು ಮಾತು ಕೇಳಿ ನಂಗೆ ಮೈ ಜುಂ ಅಂತು, ಜಾರ್ಜಿಯಾದ ಆ ಕಾನೂನಲ್ಲಿ ನಾವು ಇಂಡಿಯಾದವರೂ ಬಿಳಿಯರ ಲೆಕ್ಕಕ್ಕೆ ಬರ್ತಿರ್ಲಿಲ್ಲವಂತೆ. ಅಂದ್ರೆ ಆ ಕಾಲದಲ್ಲಿ ಅಲ್ಲಿ ತಪ್ಪು ಅನ್ನಿಸ್ಕೊಳ್ತಿದ್ದಿದ್ದು ನಾವೆಲ್ಲ ಆರತಿ ಎತ್ತಿದ ಅಕ್ಕನ ಮಗಳ ಮದ್ವೆ, ನನ್ನ ಮಗಳದ್ದಲ್ಲ. ನಾವು ಯಾರ ಪಕ್ಕ ನಿಲ್ಲಬೇಕಿತ್ತೋ ಅವರನ್ನೇ ನೋಡಿ ಮೂಗು ಮುರೀತಿದೀವಲ್ಲ?

ಅಲ್ಲಿ ಕಪ್ಪು ಬಿಳಿ ಮದ್ವೆ ಒಪ್ತೀರಾ ಅಂತ ಜನಾಭಿಪ್ರಾಯ ಸಮೀಕ್ಷೆ ಮಾಡೋ ಗ್ಯಾಲಪ್ ಸಂಸ್ಥೆಯವರು 1958ರಲ್ಲಿ ಕೇಳಿದಾಗ ನೂರಕ್ಕೆ 4 ಜನ ಮಾತ್ರ ಹೂಂ ಅಂದಿದ್ರು, 2021ರಲ್ಲಿ 94 ಜನ. ನಮ್ಮಲ್ಲಿ ಅಂಥ ಕಾನೂನು ಇರ್ಲಿಲ್ಲ ನಿಜ, ಆದ್ರೆ ಹೋದ ವರ್ಷ ಮಗಳು ಅಳಿಯ ಮೂರು ತಿಂಗಳ ಕೆಲಸಕ್ಕೆ ಬೆಂಗಳೂರಿಗೆ ಬಂದಾಗ ಫೋನಲ್ಲಿ ಮನೆ ಖಾಲಿ ಇದೆ ಬನ್ನಿ ಅಂದ ಓನರ್ ಗೇಟ್ ಹತ್ರ ಅಳಿಯನ ಮುಖ ನೋಡಿ 'ಈಗಷ್ಟೇ ಅಡ್ವಾನ್ಸ್ ತಗೊಂಡ್ವಿ' ಅಂದ್ರು, ಮಾರನೇ ದಿನವೂ ಟು ಲೆಟ್ ಬೋರ್ಡ್ ಅಲ್ಲೇ ನೇತಾಡ್ತಿತ್ತು. 2016ರಲ್ಲಿ ಅದೇ ಬೆಂಗಳೂರಲ್ಲಿ ಯಾವನೋ ಮಾಡಿದ ಆಕ್ಸಿಡೆಂಟ್‌ಗೆ ಸಂಬಂಧನೇ ಇಲ್ಲದ ತಾಂಜಾನಿಯಾ ವಿದ್ಯಾರ್ಥಿನಿಗೆ ಜನ ಗುಂಪು ಕಟ್ಕೊಂಡು ಹೊಡೆದಿದ್ರು, ಹಾಗಾಗಿ ಅವರಿಬ್ಬರು ರಾತ್ರಿ ಹೊರಗೆ ಹೋದ್ರೆ ವಾಪಸ್ ಬರೋವರೆಗೂ ನಂಗೆ ನಿದ್ದೆ ಇಲ್ಲ. ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ನಮ್ಮ ಸಿದ್ದಿ ಜನ ಎಷ್ಟೋ ತಲೆಮಾರಿಂದ ಇಲ್ಲೇ ಇದ್ರೂ ಅವರನ್ನೂ ಯಾವ ದೇಶ ಅಂತ ಕೇಳೋರು ಇದಾರೆ.

ಸಂಪಾದಕರಲ್ಲಿ ನನ್ನ ಬೇಡಿಕೆ ಒಂದೇ. ಭಾನುವಾರದ ವಧುವರರ ಜಾಹೀರಾತಲ್ಲಿ 'ಬೆಳ್ಳಗಿರುವ ವಧು ಬೇಕು' ಅಂತ ಬರೆದು ಕೊಟ್ರೆ ದಯವಿಟ್ಟು ಆ ಪದ ತೆಗೆದು ಹಾಕಿ, ದುಡ್ಡು ಕೊಟ್ರೂ ಪ್ರಿಂಟ್ ಮಾಡಬೇಡಿ.

ಈ ದಸರಾಕ್ಕೆ ಅವರಿಬ್ಬರೂ ಬರ್ತಿದಾರೆ. ಫೋಟೋ ಈಗ ಹಾಲ್‌ನಲ್ಲಿದೆ, ಪಟ್ಟದ ಗೊಂಬೆಗಳ ಪಕ್ಕದ ಗೋಡೆಗೆ ಮೊಳೆ ಹೊಡೆದು ನಾನೇ ಹಾಕಿದೀನಿ. ಬೀದಿಯವರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದಾಗಿದೆ.

ಇತಿ,
ಒಬ್ಬ ತಾಯಿ, ಮೈಸೂರು